ಗದ್ದೆಗೆ ಬೊತ್ತ್ ನೆಡುವ ಬಗೆ

ಕೊಡಗಿನಲ್ಲಿ ತುಲಾ ಸಂಕ್ರಮಣದ ಮುನ್ನಾದಿನ, ಎಂದರೆ ಅಕ್ಟೋಬರ್ 16 ಅಥವಾ 17ರ ಸುಮಾರಿಗೆ, ಪೈರಿಗೂ ಬಾವಿಗೂ ಕೆಟ್ಟ ದೃಷ್ಟಿ ತಾಗದಿರಲೆಂದು ಬೊತ್ತ್, ಅಂದರೆ ತಲೆಗೆ ಕಾಡುಬಳ್ಳಿಯ ಬಳೆ ತೊಡಿಸಿದ ಕೋಲನ್ನು ನೆಡುವ ವಾಡಿಕೆಯಿದೆ. ಪೈರಿಗಿಂತ ಎತ್ತರವಾಗಿ ಕಾಣುವಂಥ ನೇರವಾದ ಕೋಲೊಂದನ್ನು ಕಡಿದು, ಬುಡವನ್ನು ಚೂಪಾಗಿ ಕೆತ್ತಿಕೊಳ್ಳಬೇಕು. ಕಾಡುಬಳ್ಳಿಯನ್ನು ಹಸಿಯಿರುವಾಗಲೇ ಬಳೆಯಂತೆ ಸುತ್ತಿ, ತುದಿಯನ್ನು ಸುರುಳಿಯೊಳಗೇ ಸಿಕ್ಕಿಸಿ ಕೋಲಿನ ತಲೆಗೆ ತೊಡಿಸಬೇಕು. ಒಣಗಿದ ಬಳ್ಳಿ ಬಗ್ಗಿಸುವಾಗಲೇ ಲಟಕ್ಕನೆ ಮುರಿಯುತ್ತದೆ. ಅವಸರದಲ್ಲಿ ತಂತಿ ಸುತ್ತುವವರೂ ಇದ್ದಾರೆ, ನನಗದು ಒಪ್ಪಿಗೆಯಿಲ್ಲ. ತೆನೆ ಕಟ್ಟುತ್ತಿರುವ ಪೈರನ್ನು ತುಳಿಯದೆ ಬದುವಿನ ಪಕ್ಕದ ಕೆಸರಿನಲ್ಲಿ ಒಂದನ್ನು, ಬಾವಿಯ ಬಳಿ ಇನ್ನೊಂದನ್ನು ಆಳವಾಗಿ ಊರಬೇಕು. ಮರುದಿನ ಮನೆಯಲ್ಲಿ ಕಾವೇರಮ್ಮನನ್ನು ಪೂಜಿಸುವ ಕಣಿಪೂಜೆ ನಡೆಯುವುದರಿಂದ, ಈ ಕೆಲಸವನ್ನು ಕತ್ತಲಾಗುವ ಮೊದಲೇ ಮುಗಿಸಿಕೊಳ್ಳುವುದು ಒಳಿತು.