ವೀಡ್ ಕಟರ್‌ಗೆ ಪೆಟ್ರೋಲ್: ತರುವುದು, ಇಡುವುದು, ತುಂಬುವುದು ಹೇಗೆ?

ಮಳೆ ಬಿಡುವು ಕೊಟ್ಟಿದ್ದೇ ತಡ, ಮಲೆನಾಡಿನ ಅಡಿಕೆ ತೋಟಗಳಲ್ಲಿ ಕಳೆ ಕತ್ತರಿಸುವ ವೀಡ್ ಕಟರ್ ಸದ್ದು ಶುರು. ಬಂಕ್‌ನಿಂದ ಮನೆಗೆ ಪೆಟ್ರೋಲ್ ಬರುವುದೂ ಆಗಲೇ. ತಿರುಗುವ ಬ್ಲೇಡಿಗೆ ಹೆದರುವವರೂ ಪೆಟ್ರೋಲಿಗೆ ಹೆದರುವುದಿಲ್ಲ. ದಿನಾ ಬೈಕಿಗೆ ಹಾಕಿಸುವುದೇ ಅಲ್ವಾ ಎಂಬ ಸಲುಗೆ.

ಅದರ ಗುಣ ಒಂದು ಗೊತ್ತಿದ್ದರೆ ಉಳಿದದ್ದು ಸುಲಭ. ಪೆಟ್ರೋಲಿನಲ್ಲಿ ಮೊದಲು ಹೊತ್ತಿಕೊಳ್ಳುವುದು ಅದರ ಆವಿ. ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿಗೆ ಹೊತ್ತುವಷ್ಟು ಆವಿ ಏಳುತ್ತದೆ, ಇನ್ನು ನಮ್ಮ ಸೆಖೆಯಲ್ಲಿ ಕೇಳಬೇಕೆ? ಈ ಆವಿ ಗಾಳಿಗಿಂತ 3-4 ಪಟ್ಟು ಭಾರ. ಹಾಗಾಗಿ ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಸೇರಿದರೂ ಸಾಕು, ಒಂದು ಕಿಡಿಗೆ ಭಗ್ ಎನ್ನುತ್ತದೆ.

ತರುವಾಗ

ನೀರಿನ ಬಾಟಲಿ ಬೇಡವೇ ಬೇಡ. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆ ಬಿಗಿ ಮುಚ್ಚಳದ ಗಾಜು, ಪಿಂಗಾಣಿ ಇಲ್ಲವೇ ಲೋಹದ್ದಾಗಿರಬೇಕು. ಗಾಜು, ಪಿಂಗಾಣಿಯಾದರೆ 1 ಲೀಟರ್, ಲೋಹವಾದರೆ 25 ಲೀಟರ್ ಮಿತಿ. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ. ಗಾಜು ಕೈ ಜಾರಿದರೆ ಕಥೆ ಮುಗೀತು, ಹಾಗಾಗಿ 5 ಲೀಟರಿನ ಲೋಹದ ಕ್ಯಾನೇ ವಾಸಿ.

ಕ್ಯಾನನ್ನು ಬೈಕಿನ ಮೇಲೆ, ಕಾರಿನ ಡಿಕ್ಕಿಯಲ್ಲಿ ಇಟ್ಟೇ ತುಂಬಿಸಬೇಡಿ. ನೆಲಕ್ಕಿಳಿಸಿ. ನಾಝಲ್ ಅದರ ಬಾಯಿಗೆ ತಾಗಿಕೊಂಡಿರಲಿ. ಪೆಟ್ರೋಲ್ ಹರಿಯುವಾಗ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ, ಅದಕ್ಕೆ ನೆಲಕ್ಕಿಳಿಯಲು ದಾರಿ ಬೇಕು, ಇಲ್ಲದಿದ್ದರೆ ಕಿಡಿ ಹಾರಬಹುದು. ಬಿಸಿಲಿಗೆ ಹಿಗ್ಗುವುದರಿಂದ ಕುತ್ತಿಗೆವರೆಗೂ ತುಂಬಿಸಬಾರದು. ಬಸ್ಸು, ರೈಲಿನಲ್ಲಿ ತರುವ ಮಾತೇ ಇಲ್ಲ. ರೈಲಿನಲ್ಲಿ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲಾಗಬಹುದು.

ಇಡುವಾಗ

ನಮ್ಮವರು ಎಡವುವುದು ಇಲ್ಲೇ. ಅಡಿಕೆ ಸುಗ್ಗಿಯಲ್ಲಿ ಶೆಡ್ಡಿನ ಒಂದು ಕಡೆ ಬೇಯಿಸುವ ಒಲೆ ಉರಿಯುತ್ತಿರುತ್ತದೆ. ಅದೇ ಶೆಡ್ಡಿನ ಮೂಲೆಯಲ್ಲಿ ವೀಡ್ ಕಟರ್, ಪಕ್ಕದಲ್ಲಿ ಕ್ಯಾನ್. ಮುಚ್ಚಳ ಸಡಿಲವಿತ್ತೋ, ಆವಿ ನೆಲದ ಮೇಲೇ ಸಾಗಿ ಒಲೆಯ ಬಾಯಿ ಮುಟ್ಟುತ್ತದೆ. ಬೆಂಕಿ ಅದೇ ದಾರಿಯಲ್ಲಿ ಕ್ಯಾನಿನತ್ತ ವಾಪಸ್ ಬರುತ್ತದೆ. ವಾಸನೆ ಬಂದರೆ ಎಚ್ಚರಾಗ್ತೀವಿ ಅಂತ ನಂಬಿ ಕೂರಬೇಡಿ, ಮೂಗು ಬೇಗ ಒಗ್ಗಿಹೋಗುತ್ತದೆ. ಒಲೆ, ದೇವರ ದೀಪ, ಪಂಪಿನ ಸ್ಟಾರ್ಟರ್, ಹಳೇ ಫ್ರಿಜ್ಜು ಯಾವುದೂ ಇಲ್ಲದ, ಗಾಳಿಯಾಡುವ, ಬೀಗವಿರುವ ಬೇರೆ ಜಾಗ ನೋಡಿ. ಮಕ್ಕಳ ಕೈಗೆ ಸಿಗಬಾರದು. ಒದ್ದೆ ಸೌದೆ ಹೊತ್ತಿಸಲು ಸ್ವಲ್ಪ ಸುರಿಯುವ ಚಟವನ್ನಂತೂ ಇವತ್ತೇ ಬಿಡಿ.

ತುಂಬುವಾಗ

ಎಂಜಿನ್ ಆಫ್ ಮಾಡಿ, ಸೈಲೆನ್ಸರ್ ಆರುವವರೆಗೆ ಕಾಯಿರಿ. ಆಳುಗಳು ಎಲೆ ಅಡಿಕೆ ಹಾಕುವ ಹೊತ್ತು ಸಾಕು. ಬೀಡಿ ಮಾತ್ರ ದೂರ ಇರಲಿ. ಟೂ ಸ್ಟ್ರೋಕ್ ಯಂತ್ರಕ್ಕೆ ಎಷ್ಟು 2ಟಿ ಆಯಿಲ್ ಬೆರೆಸಬೇಕೆಂದು ಮ್ಯಾನುಯಲ್ ಹೇಳುತ್ತದೆ. 1:50 ಅಂದರೆ ಲೀಟರಿಗೆ 20 ಎಂಎಲ್. ಬೆರೆಸುವುದು ಬಯಲಿನಲ್ಲೇ. ಚೆಲ್ಲಿದ್ದನ್ನು ಒರೆಸಿ, ಅಲ್ಲಿಂದ ಹತ್ತು ಅಡಿ ಆಚೆ ಹೋಗಿ ಸ್ಟಾರ್ಟ್ ಮಾಡುವ ಹಗ್ಗ ಎಳೆಯಿರಿ.

ಬಾಯಿಗೆ, ಮೈಗೆ ತಾಗಿದರೆ

ಬೈಕಿನ ಟ್ಯಾಂಕಿಗೆ ಪೈಪ್ ಹಾಕಿ ಬಾಯಲ್ಲಿ ಎಳೆಯುವವರು ಪ್ರತಿ ಊರಲ್ಲೂ ಇದ್ದಾರೆ. ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹೋಗುವುದು ಜಾಸ್ತಿ ಅಪಾಯ. ಕೆಲವೇ ಹನಿ ಇಳಿದರೂ ನ್ಯುಮೋನಿಯಾದಂಥ ಉರಿಯೂತ ಬರಬಹುದು. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲೇಬೇಡಿ, ಮೇಲೆ ಬರುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಕೈಯ ಗ್ರೀಸ್ ತೆಗೆಯಲೂ ಪೆಟ್ರೋಲ್ ಬೇಡ. ಚರ್ಮ ಒಣಗಿ ಬಿರಿಯುತ್ತದೆ. ಜೊತೆಗೆ ಅದರಲ್ಲಿ ಶೇ 1ರವರೆಗೆ ಬೆಂಜೀನ್ ಇರುತ್ತದೆ, ಅದು ಕ್ಯಾನ್ಸರ್ ತರುವ ವಸ್ತು. ಬಟ್ಟೆಗೆ ಚೆಲ್ಲಿದರೆ ಬಯಲಲ್ಲೇ ನೀರು ಸುರಿದುಕೊಂಡು ಆಮೇಲೆ ಬಿಚ್ಚಿ. ಗ್ಯಾಸ್ ಗೀಸರ್ ಇರುವ ಬಚ್ಚಲಿಗೆ ಹಾಗೇ ನುಗ್ಗಬೇಡಿ.

ಹೊತ್ತಿಕೊಂಡರೆ

ಕೊಡದಿಂದ ನೀರು ಎರಚಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲುತ್ತಾ ಬೆಂಕಿಯನ್ನು ಇನ್ನಷ್ಟು ಹರಡುತ್ತದೆ. ಸಣ್ಣದಾದರೆ ಒಣ ಮರಳು ಅಥವಾ ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್ ಸಾಕು, ದೊಡ್ಡದಾದರೆ ದೂರ ಓಡಿ 112ಕ್ಕೆ ಫೋನ್ ಮಾಡಿ. ಸಿಲಿಂಡರನ್ನು ಕ್ಯಾನಿನ ಪಕ್ಕ ಇಡಬೇಡಿ, ಬಾಗಿಲ ಹತ್ತಿರ ತೂಗುಹಾಕಿ.