ಗೋಕರ್ಣದಿಂದ ತದಡಿ ದಾಟಿ ಕುಮಟಾಕ್ಕೆ: ಕಡಲಂಚಿನಲ್ಲಿ ನಡೆಯುವವರಿಗೆ

ಗೋಕರ್ಣದಿಂದ ಕುಮಟಾಕ್ಕೆ ಸಮುದ್ರದ ಅಂಚಿನಲ್ಲೇ ನಡೆದರೆ ಸುಮಾರು 20ರಿಂದ 25 ಕಿ.ಮೀ. ಮಾದನಗೇರಿ, ಮಿರ್ಜಾನ್ ಸುತ್ತಿ ಬರುವ ಬಸ್ಸಿನ ದಾರಿ ಇದಕ್ಕಿಂತ ಉದ್ದ. ಗಟ್ಟಿ ಕಾಲಿದ್ದವರು ಒಂದೇ ದಿನಕ್ಕೆ ಮುಗಿಸುತ್ತೇವೆಂದು ಹೊರಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ತದಡಿಯ ಆಚೀಚೆ ಸಿಕ್ಕಿಬೀಳುತ್ತಾರೆ. ಕಾರಣ ದೂರವಲ್ಲ. ಈ ದಾರಿಯಲ್ಲಿ ಮೊದಲು ನೋಡಬೇಕಾದ್ದು ಎರಡು: ಭರತ-ಇಳಿತದ (ಸಮುದ್ರದ ನೀರು ಏರಿ ಇಳಿಯುವ) ಹೊತ್ತು, ತದಡಿಯಲ್ಲಿ ಅಘನಾಶಿನಿ ಹೊಳೆ ದಾಟಿಸುವ ತಾರಿಯ (ದೋಣಿಯ) ಹೊತ್ತು. ಉಳಿದದ್ದೆಲ್ಲ ಇವೆರಡಕ್ಕೆ ಹೊಂದಿಸಿಕೊಳ್ಳುವ ಕೆಲಸ.

ದಿನ ಆರಿಸಲು ಪಂಚಾಂಗ ಸಾಕು. ಈ ಕರಾವಳಿಯಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ದಿನ ಭರತ ತುಂಬುವುದು ಬೆಳಿಗ್ಗೆ ಮತ್ತು ರಾತ್ರಿ 11ರ ಆಸುಪಾಸು. ನೀವು 7ಕ್ಕೆ ಹೊರಟರೆ ನಾಲ್ಕು ತಾಸು ಏರುವ ನೀರಿನ ಜೊತೆಗೇ ನಡೆಯಬೇಕು, ಅದೂ ಏರಿಳಿತದ ಅಂತರ ಎರಡು ಮೀಟರ್ ಹತ್ತಿರ ಬರುವ ದಿನ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆ ಲೆಕ್ಕದಲ್ಲಿ ದಶಮಿ-ಏಕಾದಶಿಗೆ ಬೆಳಿಗ್ಗೆ 7-8ರ ಹೊತ್ತಿಗೆ ನೀರು ತುಂಬಿ, ಮಧ್ಯಾಹ್ನ 1-2ರವರೆಗೂ ಇಳಿಯುತ್ತಲೇ ಇರುತ್ತದೆ. ಅಷ್ಟಮಿಯ ಸುತ್ತ ಏರಿಳಿತವೇ ಕಡಿಮೆ. ಹಾಗಾಗಿ ಅಷ್ಟಮಿಯಿಂದ ಏಕಾದಶಿಯೊಳಗೆ ಹೊರಡಿ. ಬೆಳದಿಂಗಳ ಆಸೆಗೆ ಹುಣ್ಣಿಮೆ ಆರಿಸುವವರೇ ಹೆಚ್ಚು, ನಡಿಗೆಗೆ ಅದು ಸರಿಯಾದ ದಿನವಲ್ಲ. ತಿಥಿಯ ಲೆಕ್ಕ ಅಂದಾಜಿನದು; ಹೊರಡುವ ಹಿಂದಿನ ದಿನ ಕಾರವಾರ ಬಂದರಿನ ಉಬ್ಬರ-ಇಳಿತದ ಪಟ್ಟಿಯನ್ನೂ, ಇನ್‌ಕಾಯ್ಸ್ (ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ) ಸಂಸ್ಥೆಯ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ನೋಡಿಕೊಳ್ಳಿ. ಅಲೆಯ ಎಚ್ಚರಿಕೆ ಇದ್ದರೆ ತಿಥಿ ಎಷ್ಟೇ ಚೆನ್ನಾಗಿದ್ದರೂ ಬೇಡ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ನಂತರ 11 ಗಂಟೆಗೇ ಮರಳು ಕಾಲು ಸುಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ; ಬೋಟುಗಳು ದಡ ಸೇರಿರುವ ಆ ಮಳೆಗಾಲದಲ್ಲಿ ಬಂಡೆಯ ಬುಡದಲ್ಲಿ ನಡೆಯುವ ಮಾತೇ ಇಲ್ಲ.

ತಲೆಗೆ 3 ಲೀಟರ್ ನೀರು, ಅವಲಕ್ಕಿ-ಬೆಲ್ಲ ಅಥವಾ ಚಪಾತಿ, ಓಆರ್‌ಎಸ್ ಪೊಟ್ಟಣ ಎರಡು, ಟೋಪಿ, ಟಾರ್ಚ್, ತಾರಿಗೆ ಚಿಲ್ಲರೆ. ಮುರುಗಲು ಸಾರ ಸಿಕ್ಕರೆ ಒಂದು ಸಣ್ಣ ಬಾಟಲಿ ಇಟ್ಟುಕೊಳ್ಳಿ, ಉಪ್ಪು-ಸಕ್ಕರೆ ಹಾಕಿ ಕುಡಿದರೆ ಬಿಸಿಲಿಗೆ ಹಿತ. ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಬೇಕೇ ಬೇಕು. ಚಪ್ಪಲಿ ಬೇಡ, ಹಿಮ್ಮಡಿ ಹಿಡಿದಿಡುವ ರಬ್ಬರ್ ತಳದ ಶೂ ಇರಲಿ. ಬಂಡೆಗೆ ಅಂಟಿದ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ. ಬರಿಗಾಲಲ್ಲಿ ಒಮ್ಮೆ ಜಾರಿದರೆ ಆ ದಿನದ ನಡಿಗೆ ಅಲ್ಲಿಗೇ ಮುಗಿಯಿತು.

ಗೋಕರ್ಣದ ಪೇಟೆಯಿಂದ ಕುಡ್ಲೆ, ಅಲ್ಲಿಂದ ಓಂ ಬೀಚ್‌ವರೆಗಿನ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು, ಅಂಗಡಿಗಳೂ ಇವೆ. ನೀರಿನ ಬಾಟಲಿ ಓಂ ಬೀಚಿನಲ್ಲೇ ತುಂಬಿಸಿಕೊಳ್ಳಿ. ಅಲ್ಲಿಂದ ಹಾಫ್‌ಮೂನ್, ಪ್ಯಾರಡೈಸ್, ಬೆಲೆಕಾನ ದಾಟಿ ತದಡಿ. ಕಷ್ಟದ ತುಂಡು ಹಾಫ್‌ಮೂನ್ ಮತ್ತು ಪ್ಯಾರಡೈಸ್ ನಡುವಿನದು. ದಾರಿ ಗುಡ್ಡದ ಓರೆಯಲ್ಲಿ ಹೋಗುತ್ತದೆ, ಕೆಳಗೆ ಬಂಡೆ. ಮೇಲೆ ಚಿರೆಕಲ್ಲಿನ ನೆಲ, ಅದರ ಮೇಲೆ ಸಣ್ಣ ಕೆಂಪು ಹರಳು. ಡಿಸೆಂಬರ್ ಬಂತೆಂದರೆ ಒಣಗಿದ ಕರಡ ಹುಲ್ಲೂ ಸೇರಿ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ. ಹೆಜ್ಜೆ ಚಿಕ್ಕದಾಗಿ, ಪಾದ ಅಡ್ಡವಾಗಿಟ್ಟು ಇಳಿಯಿರಿ. ಹುಲ್ಲು ಹಿಡಿದು ಇಳಿಯಲು ಹೋಗಬೇಡಿ, ಬೇರುಸಮೇತ ಕೈಗೆ ಬರುತ್ತದೆ.

ಕೆಳಗಿನ ಬಂಡೆಗಳ ಮೇಲೆ ಹಾದು ಮೂಲೆ ತಿರುಗಿದರೆ ಹತ್ತಿರ ಎಂದು ಕಾಣುತ್ತದೆ. ಕಲ್ಲಿನ ಬಣ್ಣ ನೋಡಿ. ಒಣಗಿ ಬೂದು ಬಣ್ಣಕ್ಕೆ ತಿರುಗಿದ, ಮುಟ್ಟಿದರೆ ಒರಟಾದ ಕಲ್ಲು ಕಾಲು ಹಿಡಿಯುತ್ತದೆ. ಕಪ್ಪಗೆ ಮಿರುಗುವುದು, ಹಸಿರು ನೂಲು ಹೊದ್ದದ್ದು ಪಾಚಿ. ಯಾವ ಶೂ ಕೂಡ ಅದರ ಮೇಲೆ ನಿಲ್ಲದು. ಮೂಲೆ ತಿರುಗುವ ಮೊದಲು ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಅಲೆಗಳು ಒಂದೇ ಸಮ ಬರುವುದಿಲ್ಲ, ಹಲವು ಸಣ್ಣ ಅಲೆಗಳ ನಂತರ ಎರಡು-ಮೂರು ದೊಡ್ಡವು ಸಾಲಾಗಿ ಬರುತ್ತವೆ. ಆ ದೊಡ್ಡ ಅಲೆ ನೀವು ಕಾಲಿಡಬೇಕಾದ ಕಲ್ಲನ್ನು ತೋಯಿಸಿತೋ, ಗುಡ್ಡ ಹತ್ತುವ ದಾರಿಯೇ ಗತಿ. ಐದು ನಿಮಿಷ ನೋಡಿ ಧೈರ್ಯ ಮಾಡಿದವರ ಬೆನ್ನಿಗೆ ಬೀಳುವುದು ಆರನೇ ನಿಮಿಷದ ಅಲೆ.

ಮರಳಿನಲ್ಲಿ ನಡೆಯುವಾಗ ನೀರು ಇಳಿದ ಜಾಗದ ಗಟ್ಟಿ ಹಸಿ ಮರಳು ಹಿಡಿಯಿರಿ. ಅದರ ಮೇಲೆ ತಾಸಿಗೆ 4 ಕಿ.ಮೀ. ಸಾಗಬಹುದು, ಮೇಲಿನ ಸಡಿಲ ಮರಳಿನಲ್ಲಿ ಎರಡೂವರೆ ಆದರೆ ಹೆಚ್ಚು. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಬಲಕ್ಕೆ, ಬಲಗಾಲು ಸದಾ ತಗ್ಗಿನಲ್ಲಿ. ಸಂಜೆಗೆ ಒಂದೇ ಸೊಂಟ ನೋಯುವುದು ಇದಕ್ಕೇ. ಆಗಾಗ ಮೇಲಿನ ಸಮತಟ್ಟಿಗೆ ಬಂದು ಹೋಗಿ. ಮೊಣಕಾಲುದ್ದದ ನೀರಿಗಿಳಿದರೆ ಕಾಲೆತ್ತಿ ಇಡದೆ ಎಳೆಯುತ್ತಾ ನಡೆಯಿರಿ, ಮರಳಲ್ಲಿ ಹುದುಗಿದ ತೊರಕೆ ಮೀನು ಸದ್ದಿಗೆ ಸರಿದು ಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟು ಆಸ್ಪತ್ರೆಗೆ ಹೊರಡಿ. ಜನವರಿಯ ನಂತರ ಕಡಲಾಮೆ ಮೊಟ್ಟೆಯಿಡುವ ಕಾಲ, ಬೇಲಿ ಕಟ್ಟಿದ ಗೂಡು ಕಂಡರೆ ದೂರದಿಂದ ಸುತ್ತಿ ಹೋಗಿ.

ತದಡಿ ಹಳೆಯ ಬಂದರು. ಒಳಗಿನ ಮಿರ್ಜಾನ್ ಕೋಟೆಗೆ ಸಮುದ್ರದಿಂದ ಬರುವವರು ಹಾಯಬೇಕಾದ ಬಾಗಿಲೇ ಈ ಅಳಿವೆ. ಈಗಲೂ ಊರು ನಡೆಯುವುದು ಮೀನಿನ ಮೇಲೆ. ಧಕ್ಕೆಯ (ಬೋಟು ನಿಲ್ಲುವ ಕಟ್ಟೆಯ) ನೆಲದಲ್ಲಿ ಐಸ್ ಕರಗಿದ ನೀರು, ಮೀನಿನ ಪೊರೆ. ಬಂಡೆಗಿಂತ ಇಲ್ಲೇ ಜಾರುವುದು ಹೆಚ್ಚು. ಹರಾಜಿನ ಹೊತ್ತಿನಲ್ಲಿ ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಲ್ಲಬೇಡಿ. ಒಣಗಲು ಹರಡಿದ ಬಲೆಯನ್ನು ದಾಟಬೇಕೆನಿಸಿದರೂ ಸುತ್ತಿ ಹೋಗಿ: ಶೂವಿನ ಕೊಕ್ಕೆಗೆ ಸಿಕ್ಕಿದ ಒಂದು ಎಳೆ ಹರಿದರೆ ಯಾರೋ ಕುಳಿತು ಹೆಣೆಯಬೇಕು. ದಡದಲ್ಲಿ ರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ ಹಗ್ಗದ ಸಮುದ್ರದ ಬದಿಗೆ ಹೋಗದೆ ಎಳೆಯುವವರ ಬೆನ್ನ ಹಿಂದಿನಿಂದ ಹಾದುಹೋಗಿ. ಬಿಗಿದ ಹಗ್ಗ ಮೊಣಕಾಲಿಗೆ ಬಡಿದರೆ ಎತ್ತಿ ಒಗೆಯುತ್ತದೆ. ಬಲೆ ಬಿಡಿಸಿದ ಜಾಗದಲ್ಲಿ ಎಸೆದ ಮುಳ್ಳುಮೀನುಗಳೂ ಬಿದ್ದಿರುತ್ತವೆ, ಅಲ್ಲಂತೂ ಬರಿಗಾಲು ಬೇಡ. ಫೋಟೋ ತೆಗೆಯುವ ಮೊದಲು ‘ಅಣ್ಣ, ತೆಗಿಲಾ?’, ‘ಅಕ್ಕ, ತೆಗಿಲಾ?’ ಎಂದು ಒಂದು ಮಾತು ಕೇಳಿ.

ತಾರಿ ಹತ್ತುವಾಗಲೇ ಸಂಜೆಯ ಕೊನೆಯ ದೋಣಿ ಎಷ್ಟಕ್ಕೆ ಎಂದು ಕೇಳಿಕೊಳ್ಳಿ. ಆಚೆ ದಡದಲ್ಲಿ ಏನಾದರೂ ಎಡವಟ್ಟಾಗಿ ಹಿಂತಿರುಗಬೇಕಾದರೆ ಅದು ತಪ್ಪಿದ ಮೇಲೆ ಮಿರ್ಜಾನ್ ಸುತ್ತಿ ಬರುವುದೇ ಉಳಿದ ದಾರಿ. ಇಳಿತದ ಹೊತ್ತಲ್ಲಿ ಹೊಳೆ ತೆಳ್ಳಗೆ ಕಂಡೀತು, ಜನ ನಿಂತು ಬಳಚು (ಚಿಪ್ಪುಮೀನು) ಆಯುತ್ತಿರಬಹುದು. ಅವರಿಗೆ ಯಾವ ದಿಬ್ಬ ಎಲ್ಲಿಯವರೆಗೆ ಎಂಬುದು ಗೊತ್ತು. ನೀವು ಅಳಿವೆಯನ್ನು ನಡೆದು ಅಥವಾ ಈಜಿ ದಾಟುವ ಯೋಚನೆ ಮಾಡಬೇಡಿ: ಅಣೆಕಟ್ಟಿಲ್ಲದ ಹೊಳೆಯ ನೀರು, ಇಳಿತದ ಸೆಳೆತ ಎರಡೂ ಒಂದೇ ದಿಕ್ಕಿಗೆ, ಹೊರಗೆ ಸಮುದ್ರಕ್ಕೆ. ಮರಳ ದಿಬ್ಬಗಳೂ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತವೆ. ಈ ಅಳಿವೆ ಪ್ರದೇಶ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕೆಸರಿಗೆ ಇಳಿದು ತುಳಿಯಬೇಡಿ, ಮೊಣಕಾಲವರೆಗೆ ಹೂತುಹೋಗುವ ಜಾಗಗಳೂ ಅಲ್ಲಿವೆ.

ನಮ್ಮ ಸಲಹೆ ಎರಡು ದಿನ. ಮೊದಲ ದಿನ ಓಂ ಬೀಚ್ ಬೆಳಿಗ್ಗೆ 6.30ಕ್ಕೆ ಬಿಟ್ಟರೆ ಹತ್ತು-ಹನ್ನೊಂದಕ್ಕೆ ತದಡಿ ಮುಟ್ಟಿ, ಹೊಳೆ ದಾಟಿ ಅಘನಾಶಿನಿ ಊರಿನ ನೆರಳು ಸೇರಬಹುದು. ಮರುದಿನ ಬೆಳಿಗ್ಗೆ ಗುಡ್ಡ ಹತ್ತಿ ಕಾಗಾಲ, ಬಾಡ, ಕಡ್ಲೆ, ವನ್ನಳ್ಳಿ. ಒಂದೇ ದಿನ ಇದ್ದವರು ಬಾಡಕ್ಕೆ ನಿಲ್ಲಿಸಿ ಕಾಂಚಿಕಾ ಪರಮೇಶ್ವರಿ ದೇವಸ್ಥಾನದ ಕಡೆಯಿಂದ ಕುಮಟಾ ಬಸ್ಸು ಹಿಡಿಯಲಿ. ಡಿಸೆಂಬರ್‌ನಲ್ಲಿ 6 ದಾಟುತ್ತಲೇ ಹೊತ್ತು ಮುಳುಗುತ್ತದೆ, ಕಡ್ಲೆಯ ಆಚೆಯ ಗುಡ್ಡದ ದಾರಿಯನ್ನು ಟಾರ್ಚಿನಲ್ಲಿ ಹುಡುಕುವುದು ಕಿರಿಕಿರಿ. ಅರಣ್ಯ ಜಾಗದಲ್ಲಿ ಟೆಂಟ್ ಹಾಕಲು ಇಲಾಖೆಯ ಅನುಮತಿ ಬೇಕು, ಬೆಂಕಿ ಹಾಕುವುದಂತೂ ಬೇಡ. ಊರಲ್ಲಿ ಹೋಮ್‌ಸ್ಟೇ ಕೇಳಿಕೊಳ್ಳುವುದೇ ವಾಸಿ.

ಸಮುದ್ರದಲ್ಲಿ ಅವಘಡ ಕಂಡರೆ ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554, ಉಳಿದದ್ದಕ್ಕೆ 112. ಗುಡ್ಡದ ಸಂದಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮೇಲಿನ ಬಯಲಿಗೆ ಹತ್ತಿ ಪ್ರಯತ್ನಿಸಿ. ವನ್ನಳ್ಳಿಯಿಂದ ಕುಮಟಾ ಪೇಟೆಗೆ ಆಟೊ ಸಿಗುತ್ತದೆ. ಗೋಕರ್ಣದಲ್ಲಿ ಗಾಡಿ ಬಿಟ್ಟು ಬಂದವರು ಬಸ್ ನಿಲ್ದಾಣದಲ್ಲಿ ನೇರ ಗೋಕರ್ಣದ ಬಸ್ಸು ಕೇಳಿ, ಇಲ್ಲದಿದ್ದರೆ ಅಂಕೋಲಾ ಕಡೆಯ ಬಸ್ಸು ಹತ್ತಿ ಮಾದನಗೇರಿಯಲ್ಲಿ ಇಳಿಯಿರಿ.