ಕಿವಿ ಮುರಿದ ಕುದುರೆಯ ಸಕ್ಕರೆ ಅಚ್ಚು

ಅಜ್ಜಿಯ ಮನೆಯ ಅಟ್ಟದಿಂದ ಇಳಿಸಿದ ಮರದ ಅಚ್ಚುಗಳಲ್ಲಿ ಆನೆ, ನವಿಲು, ತುಳಸಿಕಟ್ಟೆ ಮತ್ತು ಕಿವಿ ಮುರಿದ ಒಂದು ಕುದುರೆ ಇದ್ದವು. ಸಂಕ್ರಾಂತಿಗೆ ಎಳ್ಳಿನೊಡನೆ ಬೀರಲು ಪೇಟೆಯಿಂದ ತಂದ ಸಕ್ಕರೆ ಅಚ್ಚು ಹಲ್ಲಿಗೆ ಮರಳಿನಂತೆ ಸಿಗುತ್ತಿತ್ತು. ಅಜ್ಜಿ ಮಾಡುತ್ತಿದ್ದದ್ದು ನಾಲಿಗೆಯ ಮೇಲೆ ಕರಗುತ್ತಿತ್ತೆಂಬ ನೆನಪೊಂದೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು.

ಒಂದು ಕಿಲೋ ಸಕ್ಕರೆಗೆ ಅದು ಮುಳುಗುವಷ್ಟು ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಸುರಿದೆ. ಹಾಲು ಕಾವಿಗೆ ಒಡೆಯುತ್ತ, ಸಕ್ಕರೆಯ ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು ಪಾಕವನ್ನು ಒದ್ದೆ ಬಟ್ಟೆಯಲ್ಲಿ ಸೋಸಿದೆ. ಒಣಮರಕ್ಕೆ ಪಾಕ ಕಚ್ಚಿಕೊಳ್ಳುವುದರಿಂದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿದ್ದೆ.

ಮೊದಲ ಸಲ ಕೆಟ್ಟದ್ದು ನನ್ನ ಜಾಣತನದಿಂದ. ಉಷ್ಣಮಾಪಕ ಇಟ್ಟುಕೊಂಡು, ಪುಸ್ತಕದ ಲೆಕ್ಕದಂತೆ 115 ಡಿಗ್ರಿಯವರೆಗೆ ಕಾಯಿಸಿದೆ. ಆದರೆ ಸಮುದ್ರಮಟ್ಟದಿಂದ ಸುಮಾರು 970 ಮೀಟರು ಎತ್ತರದ ಹಾಸನದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಪಾಕದ ಲೆಕ್ಕವನ್ನೂ ಮೂರು ಡಿಗ್ರಿ ಇಳಿಸಬೇಕಿತ್ತು. ಪಾಕ ಅಚ್ಚಿಗೆ ಬೀಳುವ ಮೊದಲೇ ಸೌಟಿನಲ್ಲಿ ಗಟ್ಟಿಯಾಯಿತು. ಎರಡನೆಯ ಸಲ ಹೆದರಿ ಧಾರಾಳವಾಗಿ ನಿಂಬೆರಸ ಹಿಂಡಿದೆ. ಹುಳಿಯು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು ಹರಳುಗಟ್ಟುವುದನ್ನು ತಡೆಯುತ್ತದೆ. ಆನೆ ಸಂಜೆಯವರೆಗೂ ಅಂಟಂಟಾಗಿಯೇ ಉಳಿಯಿತು. ಒಂದು ಕಿಲೋಗೆ ಕೆಲವೇ ಹನಿ ಸಾಕು.

ಮೂರನೆಯ ಸಲ ಉಷ್ಣಮಾಪಕವನ್ನು ಬದಿಗಿಟ್ಟು, ಪಾಕವನ್ನು ಬೆರಳುಗಳ ನಡುವೆ ಎಳೆದು ನೋಡುವ ಹಳೆಯ ಕ್ರಮಕ್ಕೆ ಮರಳಿದೆ. ಒಂದೆರಡು ಸೌಟು ಪಾಕವನ್ನು ಮಾತ್ರ ಸಣ್ಣ ಬಾಣಲೆಗೆ ಹಾಕಿ, ಎಳೆ ಗಟ್ಟಿಯಾಗುತ್ತಲೇ ಉರಿಯಿಂದ ಇಳಿಸಿ, ಸೌಟಿನ ಬೆನ್ನಿನಿಂದ ಬಾಣಲೆಯ ಅಂಚಿಗೆ ಬಿಡದೆ ಉಜ್ಜುತ್ತ ಹೋದರೆ, ಗಾಜಿನಂತಿದ್ದ ಪಾಕ ನೋಡನೋಡುತ್ತಿದ್ದಂತೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಉಜ್ಜಿದಷ್ಟೂ ಅಸಂಖ್ಯ ಸಣ್ಣ ಹರಳುಗಳು ಒಮ್ಮೆಗೇ ಹುಟ್ಟುತ್ತವೆ. ಬಾಯಲ್ಲಿ ಕರಗುವ ಗುಟ್ಟು ಅದೇ. ಮಂದವಾದ ಕ್ಷಣದಲ್ಲೇ ಅಚ್ಚಿಗೆ ಸುರಿಯಬೇಕು. ತಡವಾದರೆ ಬಾಣಲೆಯೇ ಅಚ್ಚಾಗುತ್ತದೆ. ಹತ್ತು ನಿಮಿಷ ಬಿಟ್ಟು, ಅಚ್ಚಿನ ಹೋಳುಗಳನ್ನು ಜೋಡಿಸಿ ಕಟ್ಟಿದ್ದ ದಾರ ಬಿಚ್ಚಿದೆ.

ಆ ಸಂಜೆ ಕಟ್ಟಿನಕೆರೆ ಮಾರುಕಟ್ಟೆಯಿಂದ ತಂದ ಕಲ್ಲುಸಕ್ಕರೆ ಮತ್ತು ಬತ್ತಾಸನ್ನು ನನ್ನ ಅಚ್ಚಿನ ಪಕ್ಕದಲ್ಲಿಟ್ಟು, ನಡುನಡುವೆ ನೀರು ಕುಡಿಯುತ್ತ ರುಚಿ ನೋಡಿದೆವು. ಮೂರೂ ಬರಿಯ ಸಕ್ಕರೆಯೇ. ದಿನಗಟ್ಟಲೆ ಅಲುಗದೆ ನಿಂತ ಪಾಕದಲ್ಲಿ ನೂಲಿನ ಸುತ್ತ ಬೆಳೆದ ಕಲ್ಲುಸಕ್ಕರೆ ತಣ್ಣಗೆ, ನಿಧಾನವಾಗಿ ಸಿಹಿ ಬಿಡುತ್ತದೆ. ಒಳಗೆ ಗಾಳಿ ತುಂಬಿಕೊಂಡ ಬತ್ತಾಸು ಕಚ್ಚಿದೊಡನೆ ಪುಡಿಯಾಗಿ ಮಾಯವಾಗುತ್ತದೆ. ಅಚ್ಚು ಅವೆರಡರ ನಡುವೆ, ಬೆಣ್ಣೆಯ ನುಣುಪಿನಲ್ಲಿ ಕರಗಿತು. ಮಗಳಿಗೆ ಮೂರೂ ಒಂದೇ ರುಚಿಯೆನಿಸಿದವು. ಅವಳು ಕಿವಿಯಿಲ್ಲದ ಕುದುರೆಯನ್ನು ತನಗಾಗಿ ಎತ್ತಿಟ್ಟುಕೊಂಡಳು.